ಪಾಯ ತೋಡುವಾಗ ಕಾವಲಿಗೆ ನಿಂತ ಪುರಾತತ್ವ ತಂಡ: ದುಡ್ಡಿಗೆ ಮೋಸವಿಲ್ಲ, ಆದ್ರೆ...

ಸೋಮವಾರಪೇಟೆ ಕಡೆ ನಮ್ಮ ಟ್ರಸ್ಟಿನ ಆಸ್ಪತ್ರೆಗೆ ಹೊಸ ಬ್ಲಾಕ್ ಕಟ್ಟುವಾಗ, ಮಣ್ಣು ತೆಗೆಯುವುದನ್ನು ಪಕ್ಕದಲ್ಲೇ ನಿಂತು ನೋಡಲು ಒಂದು ಖಾಸಗಿ ಪುರಾತತ್ವ ತಂಡವನ್ನು ಕರೆಸಿದ್ದೆವು. ಕೇಂದ್ರದ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ, ಆಮೇಲಿನ 200 ಮೀಟರ್‌ಗೆ ಅನುಮತಿ ಬೇಕು. ನಮ್ಮ ಜಾಗ ಅದರಾಚೆ. ಆದರೂ ಮೋರಿಬೆಟ್ಟದಲ್ಲಿರುವಂಥ ಪುರಾತನ ಕಲ್ಲುಗೋರಿಗಳ ಸೀಮೆ ಇದು, ಸುಮ್ನೆ ಜೆಸಿಬಿ ನುಗ್ಗಿಸೋದು ಸರಿಯಲ್ಲ ಅಲ್ವಾ?

ಕೆಲಸ ಮಾತ್ರ ಚೆನ್ನಾಗಿತ್ತು. ಮೊದಲು ಮಾಡಿದ್ದೇ ಜೆಸಿಬಿಯ ಹಲ್ಲಿನ ಬಕೆಟ್ ಬಿಚ್ಚಿಸಿ ನೆಟ್ಟಗಿನ ಅಂಚಿನ ಬಕೆಟ್ ಹಾಕಿಸಿದ್ದು. ತೆಳ್ಳಗೆ ಪದರ ಪದರವಾಗಿ ಕೆರೆಸಿ, ಮಣ್ಣಿನ ಬಣ್ಣ ಬದಲಾದ ಕಡೆ ಕೈ ಎತ್ತಿ ನಿಲ್ಲಿಸೋರು, ಕರಣೆ ಹಿಡಿದು ಕೂರೋರು, ಅಳತೆಪಟ್ಟಿ ಇಟ್ಟು ಫೋಟೊ ತೆಗೆಯೋರು. ಗುಂಡಿಯ ಗೋಡೆಯ ನಕ್ಷೆ ಬರೆದು, ಮುಗಿದ ಮೇಲೇ 'ಹೂಂ, ತೋಡಿ' ಅನ್ನೋರು. ಆಪರೇಟರ್ ಮೊದಲೆಲ್ಲ ಗೊಣಗುತ್ತಿದ್ದ, ಆಮೇಲೆ ಅವನೇ ಕಪ್ಪು ಮಣ್ಣು ಕಂಡರೆ ಕೂಗುತ್ತಿದ್ದ. ಸಿಕ್ಕಿದ್ದು ಒಂದಷ್ಟು ಮಡಕೆ ಚೂರು, ಹಳೇ ಚರಂಡಿ ಕಲ್ಲು. ನಿಧಿ ಸಿಕ್ಕಿದೆ ಅಂತ ಊರೆಲ್ಲ ಸುದ್ದಿ! ಹಾಗೆ ನಿಧಿ ಸಿಕ್ಕಿದ್ರೆ, ಕರ್ನಾಟಕದ 1962ರ ನಿಧಿ ಕಾಯ್ದೆ ಪ್ರಕಾರ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು ಅಂತ ಇವರೇ ಹೇಳಿಕೊಟ್ಟರು.

ಬೇಜಾರು ಒಂದೇ, ವರದಿ. ಎಷ್ಟು ಫೋನ್ ಮಾಡಿದರೂ 'ಬರುತ್ತೆ ಸಾರ್' ಅನ್ನೋದೇ ಉತ್ತರ, ಕೊನೆಗೆ ಬಂದಾಗ ಗೋಡೆಯೇ ಎದ್ದಿತ್ತು. ಕರೆಸುವವರು ಕೊನೆಯ ಕಂತನ್ನು ವರದಿ ಕೈಗೆ ಬಂದ ಮೇಲೆ ಕೊಡಿ, ಮತ್ತೆ ಮಳೆಗಾಲ ಬಿಟ್ಟು ತೋಡಿಸಿ, ನಮ್ಮ ಕೊಡಗಿನ ಮಳೆಯಲ್ಲಿ ಗುಂಡಿ ಕೆರೆಯಾದರೆ ಯಾರಿಗೂ ಏನೂ ಕಾಣಲ್ಲ.