ಕಬಿನಿಯ ದೋಣಿ ಸಫಾರಿ: ಆನೆಗೆ ಅರ್ಧ ಗಂಟೆ, ಮೊಸಳೆಗೆ ಅರ್ಧ ನಿಮಿಷ

ಬೀಚನಹಳ್ಳಿಯ ಬಳಿ 1974ರಲ್ಲಿ ಅಣೆಕಟ್ಟು ಬಂದ ಮೇಲೆ ನಾಗರಹೊಳೆ ಮತ್ತು ಬಂಡೀಪುರದ ಕಾಡುಗಳ ನಡುವೆ ಹರಡಿಕೊಂಡ ಕಬಿನಿಯ ಹಿನ್ನೀರು, ಬೇಸಿಗೆಯಲ್ಲಿ ಇಳಿಯುತ್ತಾ ಹೋದಂತೆ ಅಂಚಿನಲ್ಲಿ ಎಳೆಹುಲ್ಲಿನ ಬಯಲನ್ನು ಬಿಟ್ಟುಕೊಡುತ್ತದೆ. ಆ ಹುಲ್ಲಿಗಾಗಿ ಆನೆಗಳು ಬರುತ್ತವೆ, ಆನೆಗಳಿಗಾಗಿ ನಾವು ಹೋಗುತ್ತೇವೆ. ಏಪ್ರಿಲ್ ತಿಂಗಳಲ್ಲಿ ಮಧ್ಯಾಹ್ನದ ಸರದಿಗೆ ನಾವು ಹತ್ತಿದ ದೋಣಿ ಸಫಾರಿಯ ಬಗ್ಗೆ ಈ ವಿಮರ್ಶೆ. ಅದನ್ನು ನಡೆಸುವವರ ಹೆಸರು ಇಲ್ಲಿ ಬೇಡ.

ವ್ಯವಸ್ಥೆಯಲ್ಲಿ ಕೊರತೆಯಿರಲಿಲ್ಲ. ಲೈಫ್ ಜಾಕೆಟ್ಟಿನ ಪಟ್ಟಿಗಳನ್ನು ಒಬ್ಬೊಬ್ಬರದಾಗಿ ಎಳೆದು ನೋಡಿದ ಮೇಲೆಯೇ ದೋಣಿ ಹೊರಟಿತು. ಹಿಂಡು ಕಂಡೊಡನೆ ಚಾಲಕರು ಸಾಕಷ್ಟು ದೂರದಲ್ಲೇ ಇಂಜಿನ್ ನಿಲ್ಲಿಸಿದ್ದರಿಂದ ಆನೆಗಳು ತಲೆಯೆತ್ತಲೂ ಇಲ್ಲ. ಅಂಚಿನಲ್ಲಿದ್ದ ಹೆಣ್ಣಾನೆಯೊಂದು ಮುಂಗಾಲಿನ ಉಗುರಿನಿಂದ ಹುಲ್ಲನ್ನು ಕೆರೆದು, ಸೊಂಡಿಲಿನಲ್ಲಿ ಕಂತೆಮಾಡಿ, ಮೊಣಕಾಲಿಗೆ ಎರಡು ಬಾರಿ ಬಡಿದು ಮಣ್ಣು ಉದುರಿಸಿಕೊಂಡು ಬಾಯಿಗಿಡುತ್ತಿತ್ತು. ದಿನಕ್ಕೆ ಸುಮಾರು 150 ಕಿಲೋ ಮೇವು ಬೇಕಾದ, ತಿಂದದ್ದರಲ್ಲಿ ಅರ್ಧವನ್ನೂ ಜೀರ್ಣಿಸಿಕೊಳ್ಳಲಾಗದ ಪ್ರಾಣಿಗೆ ಈ ಕೆಲಸದಿಂದ ಬಿಡುವೆಂಬುದಿಲ್ಲ. ಅರ್ಧ ಗಂಟೆ ಹೋದದ್ದೇ ತಿಳಿಯಲಿಲ್ಲ.

ನನ್ನ ತಕರಾರಿರುವುದು ಮರಳುವ ದಾರಿಯ ಬಗ್ಗೆ. ಕೆಸರು ದಂಡೆಯ ಮೇಲೆ ಮೂರು ಮಗ್ಗರ್ ಮೊಸಳೆಗಳು ಮಲಗಿದ್ದವು. ದೊಡ್ಡದರ ಬೆನ್ನಿನ ಏಣುಗಳ ಮೇಲೆ ಕೆಸರು ಒಣಗಿ ಬಿರುಕುಬಿಟ್ಟಿತ್ತು, ಬಾಯಿ ಅಗಲವಾಗಿ ತೆರೆದಿತ್ತು. "ಸಿಟ್ಟಲ್ಲಿದೆ ಸಾರ್" ಎಂದು ಗೈಡ್ ನಗಿಸಿದರು, ದೋಣಿ ಮುಂದೆ ಹೋಯಿತು. ಗಣಪತಿಯ ಮುಖವುಳ್ಳ ಪ್ರಾಣಿಗೆ ಸಿಗುವ ಅಕ್ಕರೆ ಗಜೇಂದ್ರನ ಕಾಲು ಹಿಡಿದ ಪ್ರಾಣಿಗೆ ಸಿಗಲಾರದು, ಒಪ್ಪೋಣ. ಆದರೆ ಹೇಳಿದ ಮಾತಾದರೂ ಸರಿಯಿರಬೇಕಿತ್ತು. ಬಿಸಿಲಿನಲ್ಲಿ ಮೊಸಳೆ ಬಾಯಿ ತೆರೆಯುವುದು ಹೆಚ್ಚಾಗಿ ಮೈಯ ಕಾವನ್ನು ಹದದಲ್ಲಿಡುವುದಕ್ಕೆ. ಕೆಲವೇ ನಿಮಿಷಗಳ ಹಿಂದೆ ಆನೆ ಕಿವಿ ಬೀಸುತ್ತಾ, ಅದರಲ್ಲಿ ಹರಿಯುವ ರಕ್ತವನ್ನು ತಣಿಸಿಕೊಳ್ಳುತ್ತಿದ್ದುದನ್ನು ನಾವೆಲ್ಲ ಕಂಡಿದ್ದೆವು. ಅದರ ಪಕ್ಕದಲ್ಲಿ ಇದನ್ನಿಟ್ಟು ತೋರಿಸುವ ಅವಕಾಶ ಕೈತಪ್ಪಿತು.

ಹೋಲಿಕೆ ಅಷ್ಟಕ್ಕೇ ನಿಲ್ಲುವುದೂ ಇಲ್ಲ. ಆನೆ ತಿಂದ ಆಹಾರವನ್ನೇ ಉರಿಸಿ ಮೈ ಬೆಚ್ಚಗಿಟ್ಟುಕೊಳ್ಳುತ್ತದೆ. ಮೊಸಳೆ ಕಾವನ್ನು ಸೂರ್ಯನಿಂದ ಕಡ ತರುವುದರಿಂದ ಒಮ್ಮೆ ಹೊಟ್ಟೆತುಂಬ ಬೇಟೆ ಸಿಕ್ಕರೆ ವಾರಗಟ್ಟಲೆ ಸುಮ್ಮನಿರಬಲ್ಲದು. ನೋಡುವವರಿಗೆ ಸೋಮಾರಿತನವೆಂದು ಕಾಣುವುದು ಅದರ ಮಿತವ್ಯಯ. ಆನೆ 22 ತಿಂಗಳು ಹೊತ್ತು ಸಾಮಾನ್ಯವಾಗಿ ಒಂದೇ ಮರಿ ಹಾಕಿ, ಹಿಂಡಿನ ಹೆಣ್ಣುಗಳೆಲ್ಲ ಸೇರಿ ಅದನ್ನು ಕಾಯುತ್ತವೆ. ಮಗ್ಗರ್ ದಂಡೆಯಲ್ಲಿ ಗುಂಡಿ ತೋಡಿ ಸುಮಾರು 25ರಿಂದ 30 ಮೊಟ್ಟೆಯಿಡುತ್ತದೆ. ಮರಿಗಳು ಗಂಡೋ ಹೆಣ್ಣೋ ಎಂಬುದನ್ನು ಗೂಡಿನ ಕಾವು ನಿರ್ಧರಿಸುತ್ತದೆ. ಒಳಗಿನಿಂದ ಮರಿಗಳ ಕೂಗು ಕೇಳಿದಾಗ ತಾಯಿ ಮಣ್ಣು ಬಗೆದು, ಅವನ್ನು ಅದೇ ದವಡೆಗಳ ನಡುವೆ ಎತ್ತಿಕೊಂಡು ನೀರಿಗೆ ಒಯ್ಯುತ್ತದೆ. ನಾವು ಹೋದದ್ದು ಅವುಗಳ ಗೂಡಿನ ಕಾಲ. ಆ ದಂಡೆಯೊಳಗೇ ಮೊಟ್ಟೆಗಳಿದ್ದಿರಬಹುದು.

ಆನೆ ನೋಡಲೆಂದೇ ಹೋಗುವವರಿಗೆ ಈ ಸಫಾರಿಯನ್ನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ. ಮಾರ್ಚ್‌ನಿಂದ ಮೇವರೆಗೆ ಹೋಗುವುದು ಒಳ್ಳೆಯದು, ಮಳೆಗಾಲದಲ್ಲಿ ನೀರೇರಿದಾಗ ಹಿಂಡುಗಳು ಕಾಡಿನೊಳಗೆ ಚದುರಿಹೋಗುತ್ತವೆ. ಒಂದು ದುರ್ಬೀನು ಜೊತೆಗಿರಲಿ. ಮೊಸಳೆಯ ದಂಡೆಯ ಬಳಿ ಐದು ನಿಮಿಷ ಇಂಜಿನ್ ನಿಲ್ಲಿಸಬೇಕೆಂದು ಹತ್ತುವ ಮೊದಲೇ ಚಾಲಕರಿಗೆ ಹೇಳಿಡಿ. ಹೊತ್ತು ಮುಳುಗುವಾಗ ದಡ ಸೇರುವ ಅವಸರದಲ್ಲಿ ಕೇಳಿದರೆ ನಿಲ್ಲಿಸುವುದಿಲ್ಲ.