ಎಂಟು ಮಳೆಗಾಲ ಕಂಡ 8×42 ಬೈನಾಕ್ಯುಲರ್

ಐದಕ್ಕೆ ನಾಲ್ಕು ಸ್ಟಾರ್.

2016ರಲ್ಲಿ ಇದನ್ನು ನಾನು, ಗೆಳೆಯ ಅರ್ಧರ್ಧ ದುಡ್ಡು ಹಾಕಿ ಕೊಂಡೆವು. ಇಬ್ಬರಿಗೂ ಸೇರಿ ಒಂದೇ. ಅವನಿಗೆ 10×42 ಬೇಕಿತ್ತು. ಅಂಗಡಿಯಲ್ಲಿ ಕಣ್ಣಿಗಿಟ್ಟು ನೋಡಿದ ಮೇಲೆ ಸುಮ್ಮನಾದ. ಹಕ್ಕಿ ಹತ್ತು ಪಟ್ಟು ದೊಡ್ಡದಾದರೆ ಕೈನಡುಕವೂ ಅಷ್ಟೇ ದೊಡ್ಡದಾಗುತ್ತದೆ. ಕಾಡಿನ ಮಬ್ಬಿಗೂ 8×42 ವಾಸಿ. ಮುಂದಿನ ಗಾಜಿನ ಅಗಲ 42 ಮಿಲಿಮೀಟರ್. ಅದನ್ನು 8ರಿಂದ ಭಾಗಿಸಿದರೆ ಕಣ್ಣಿಗೆ ಬೀಳುವ ಬೆಳಕಿನ ಬೊಟ್ಟಿನ ಅಗಲ 5.25. ಇನ್ನೊಂದರಲ್ಲಿ 4.2 ಮಾತ್ರ.

ನಮ್ಮದು ಶಿರಸಿ. ಮಳೆಗಾಲದಲ್ಲಿ ಸೋಂದಾದ ಮುಂಡಿಗೆಕೆರೆಗೆ ಹೋಗುತ್ತಿದ್ದೆವು. ಅಲ್ಲಿ ಬೆಳ್ಳಕ್ಕಿ ಗೂಡು ಕಟ್ಟುವ ಕಾಲ ಅದು. ಬೈನಾಕ್ಯುಲರ್ ಹಾಳಾಗುವ ಕಾಲವೂ ಅದೇ! ನಮ್ಮದು ತೇವ ಸೇರದ ಹಾಗೆ ಒಳಗೆ ನೈಟ್ರೋಜನ್ ತುಂಬಿದ ಮಾದರಿ ಅಲ್ಲ. ಮೂರನೇ ವರ್ಷಕ್ಕೆ ಎಡಗಾಜಿನೊಳಗೆ ಜೇಡರ ಬಲೆಯಂಥ ಫಂಗಸ್. ಅವನು ಕಂಬಳಿ ಒಣಗಿಸುವ ಹಾಗೆ ಬಚ್ಚಲೊಲೆ ಮೇಲೆ ನೇತುಹಾಕಿದ. ಫಂಗಸ್ ಹೋಗಲಿಲ್ಲ, ರಬ್ಬರ್ ಅಂಟಂಟಾಯಿತು. ಇವತ್ತಿಗೂ ಹೊಗೆ ವಾಸನೆ ಹೋಗಿಲ್ಲ. ಹುಬ್ಬಳ್ಳಿಯಲ್ಲಿ ಬಿಚ್ಚಿಸಿ ಒರೆಸಿಕೊಂಡು ಬಂದೆವು. ಆಮೇಲೆ ಗಾಳಿಯಾಡದ ಡಬ್ಬಿ, ಒಂದು ಹಿಡಿ ಸಿಲಿಕಾ ಜೆಲ್. ಮತ್ತೆ ತೊಂದರೆ ಕೊಟ್ಟಿಲ್ಲ. ಬೆಲ್ಟು, ಚೀಲ ಎರಡೂ ಸುಮಾರು.

ಒಂದು ಸ್ಟಾರ್ ಕಡಿಮೆ ಮಾಡಿದ್ದು ಡಯಾಪ್ಟರ್ ಉಂಗುರಕ್ಕೆ. ಬಲಗಣ್ಣಿಗೆ ಬೇರೆಯಾಗಿ ಹೊಂದಿಸುವುದು ಅದರಲ್ಲೇ. ಲಾಕ್ ಇಲ್ಲ, ಗುರುತೂ ಸರಿಯಾಗಿಲ್ಲ. ಇಬ್ಬರ ಕಣ್ಣೂ ಒಂದೇ ಥರ ಇರಲ್ಲ ಅಲ್ವಾ? ಕೈ ಬದಲಾದಾಗೆಲ್ಲ ತಿರುಗಿಸಬೇಕು. ಕೊನೆಗೆ ಅವನು ಮನೆಯಿಂದ ನೇಲ್ ಪಾಲಿಶ್ ತಂದು ಎರಡು ಚುಕ್ಕೆ ಇಟ್ಟ. ಕೆಂಪು ಅವನದು, ಗುಲಾಬಿ ನನ್ನದು. ಗಣೇಶಗುಡಿಯಲ್ಲಿ ಮೂರು ತಾಸು ಕಾದ ಮೇಲೆ ಗಂಡು ಮಂಗಟ್ಟೆ ಬಂತು. ಪೊಟರೆಯ ಸೀಳಿನಿಂದ ಹೆಣ್ಣಿಗೆ ಹಣ್ಣು ಕೊಡತೊಡಗಿತು. ನನಗೆ ಎಲ್ಲ ಮಸುಕು. "ಕೆಂಪಲ್ಲ ಮಾರಾಯ, ಗುಲಾಬಿ, ಗುಲಾಬಿ!" ಅಂತ ಕಿವಿಯಲ್ಲಿ ಪಿಸುಗುಟ್ಟಿದ. ತಿರುಗಿಸುವಷ್ಟರಲ್ಲಿ ಹಕ್ಕಿ ಹಾರಿತ್ತು. ನೀವು ಲಾಕ್ ಇರುವ ಮಾದರಿಯನ್ನೇ ಕೊಳ್ಳಿ, ಸ್ವಲ್ಪ ಜಾಸ್ತಿ ದುಡ್ಡಾದರೂ ಪರವಾಗಿಲ್ಲ.

ಹೋದ ವರ್ಷ ಚೌತಿಗೆ ಮುಂಚೆ ಅವನು ತೀರಿಕೊಂಡ. ಹಬ್ಬ ಕಳೆದ ಮೇಲೆ ಅತ್ತಿಗೆ ಡಬ್ಬಿ ಸಮೇತ ತಂದು ಕೊಟ್ಟರು. ಅಂಗಳಕ್ಕೆ ಹೋಗಿ ತೋಟದ ಕಡೆ ಹಿಡಿದೆ. ಬಲಗಡೆ ಮಸುಕು. ಮತ್ತೆ ಫಂಗಸ್ ಬಂತು ಅಂದುಕೊಂಡು ತಿರುಗಿಸಿ ನೋಡಿದೆ. ಗಾಜು ಚೊಕ್ಕಟವಾಗೇ ಇತ್ತು. ಉಂಗುರ ಕೆಂಪು ಚುಕ್ಕೆಯಲ್ಲಿತ್ತು.