ಮೂವರು, ಮೂರು ವ್ಯವಸ್ಥೆ, ಒಂದು ಲ್ಯಾಪ್‌ಟಾಪ್: ರೀಫೈಂಡ್ ಬೂಟ್ ಮ್ಯಾನೇಜರ್ ಬಳಸಿ ನೋಡಿದ ಅನುಭವ

ನಮ್ಮ ಮನೆಯಲ್ಲಿರುವುದು ಒಂದೇ ಲ್ಯಾಪ್‌ಟಾಪ್. ಅದರ ಮುಂದೆ ಕೂರುವವರು ಮೂವರು. ನನ್ನ ಪತ್ನಿ ಪುಸ್ತಕಗಳ ಡಿಟಿಪಿ ಕೆಲಸ ಮಾಡುತ್ತಾರೆ. ಅವರಿಗೆ ಬರುವ ಹಸ್ತಪ್ರತಿಗಳಲ್ಲಿ ಹೆಚ್ಚಿನವು ನುಡಿ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿ ಇರುವುದರಿಂದ ಅವರು ವಿಂಡೋಸ್ ಬಿಡುವಂತಿಲ್ಲ. ನನ್ನ ಓದು ಬರಹವೆಲ್ಲ ಲಿನಕ್ಸ್‌ನ ಒಂದು ರೂಪವಾದ ಡೆಬಿಯನ್‌ನಲ್ಲಿ. ಕಾಲೇಜಿನಲ್ಲಿ ಪ್ರೋಗ್ರಾಮಿಂಗ್ ಕಲಿಯುತ್ತಿರುವ ಮಗಳಿಗೆ ಇನ್ನೊಂದು ಲಿನಕ್ಸ್ ಆದ ಉಬುಂಟು ಬೇಕು. ಈ ಮೂರನ್ನೂ ಒಂದೇ ಯಂತ್ರದಲ್ಲಿ ಇಟ್ಟು, ಗುಂಡಿ ಒತ್ತಿದಾಗ ಬೇಕಾದದ್ದನ್ನು ಆರಿಸಿಕೊಳ್ಳುವ ವ್ಯವಸ್ಥೆ ಮಾಡಲು ನಾನು ಆರಿಸಿಕೊಂಡ ತಂತ್ರಾಂಶ ರೀಫೈಂಡ್ (rEFInd).

ಅದಕ್ಕೆ ಮೊದಲು, ಲಿನಕ್ಸ್ ಹಾಕಿದವರೆಲ್ಲರಿಗೂ ಪರಿಚಿತವಾದ, ಯಂತ್ರ ಎದ್ದಾಗ ವ್ಯವಸ್ಥೆಗಳ ಪಟ್ಟಿ ತೋರಿಸಿ ಆರಿಸಿದ್ದನ್ನು ಓಡಿಸುವ ಗ್ರಬ್ ನಮ್ಮಲ್ಲಿತ್ತು. ಗ್ರಬ್ ಸಮರ್ಥವಾದ ತಂತ್ರಾಂಶ, ಅದರಲ್ಲಿ ಸಂದೇಹವಿಲ್ಲ. ಆದರೆ ಅದು ತೋರಿಸುವ ಪಟ್ಟಿ ಮೊದಲೇ ಬರೆದಿಟ್ಟ ಪಟ್ಟಿ. ನಮ್ಮಲ್ಲಿ ಆ ಪಟ್ಟಿ ಡೆಬಿಯನ್‌ನ ಕೈಯಲ್ಲಿತ್ತು. ಉಬುಂಟು ತನ್ನ ಕರ್ನಲ್ (ವ್ಯವಸ್ಥೆಯ ತಿರುಳಾದ ಪ್ರೋಗ್ರಾಮ್) ಬದಲಾಯಿಸಿದರೆ ಡೆಬಿಯನ್‌ಗೆ ಅದರ ಸುಳಿವೇ ಇರುತ್ತಿರಲಿಲ್ಲ. ನಾನು ಡೆಬಿಯನ್‌ಗೆ ಹೋಗಿ ಪಟ್ಟಿಯನ್ನು ಮತ್ತೆ ಬರೆಸುವವರೆಗೆ ಮಗಳು ಹಳೆಯ ಕರ್ನಲ್‌ನಲ್ಲೇ ಕೆಲಸ ಮಾಡಬೇಕಿತ್ತು. ಸಾಲದ್ದಕ್ಕೆ 2021ರಲ್ಲಿ ಬಂದ ಗ್ರಬ್ 2.06ರಿಂದ, ಇತರ ಕಾರ್ಯಾಚರಣಾ ವ್ಯವಸ್ಥೆಗಳನ್ನು ಹುಡುಕುವ ಸೌಲಭ್ಯವನ್ನು ಸುರಕ್ಷತೆಯ ಕಾರಣಕ್ಕೆ ಮೊದಲಿನಿಂದಲೇ ನಿಲ್ಲಿಸಿಟ್ಟಿರುತ್ತಾರೆ. ಹೊಸದಾಗಿ ಲಿನಕ್ಸ್ ಹಾಕಿದವರು ವಿಂಡೋಸ್ ಅಳಿಸಿಹೋಯಿತೆಂದು ಗಾಬರಿಯಾಗುವುದಕ್ಕೆ ಎಷ್ಟೋ ಸಲ ಇದೇ ಕಾರಣ.

ರೀಫೈಂಡ್ ಪಟ್ಟಿಯನ್ನು ಬರೆದಿಟ್ಟುಕೊಳ್ಳುವುದಿಲ್ಲ. ಯಂತ್ರ ಎದ್ದ ಪ್ರತಿ ಸಲವೂ ಡಿಸ್ಕ್‌ನಲ್ಲಿ ಏನೇನಿದೆ ಎಂದು ಹೊಸದಾಗಿ ನೋಡಿ, ಕಂಡದ್ದನ್ನು ಚಿತ್ರಗಳ ಸಾಲಾಗಿ ತೆರೆಯ ಮೇಲೆ ಇಡುತ್ತದೆ. ಉಬುಂಟು ನಿನ್ನೆ ರಾತ್ರಿ ಹೊಸ ಕರ್ನಲ್ ಹಾಕಿಕೊಂಡಿದ್ದರೆ ಇಂದು ಬೆಳಿಗ್ಗೆ ಅದು ಪಟ್ಟಿಯಲ್ಲಿರುತ್ತದೆ, ಯಾರೂ ಏನೂ ಮಾಡಬೇಕಿಲ್ಲ. ಹಲವು ವ್ಯವಸ್ಥೆಗಳನ್ನು ಇಟ್ಟುಕೊಂಡವರಿಗೆ ಇದರ ಬೆಲೆ ಎಷ್ಟೆಂಬುದು ಒಂದು ತಿಂಗಳು ಬಳಸಿದ ಮೇಲೆ ನನಗೆ ಮನವರಿಕೆಯಾಯಿತು.

ಇದನ್ನು ಬರೆದವರು ರೋಡರಿಕ್ ಸ್ಮಿತ್. ಇಂಟೆಲ್ ಮ್ಯಾಕ್‌ಗಳಿಗಾಗಿ ಇದ್ದ ರೀಫಿಟ್ ಎಂಬ ತಂತ್ರಾಂಶದ ಅಭಿವೃದ್ಧಿ ನಿಂತುಹೋದ ಮೇಲೆ ಅದರ ಮೂಲವನ್ನು ತೆಗೆದುಕೊಂಡು 2012ರಲ್ಲಿ ರೀಫೈಂಡ್ ಆರಂಭಿಸಿದರು. ಇದು ಉಚಿತ, ಮುಕ್ತ ತಂತ್ರಾಂಶ. ಇಲ್ಲಿ ಒಂದು ವ್ಯತ್ಯಾಸವನ್ನು ತಿಳಿದಿರಬೇಕು. ಬೂಟ್ ಲೋಡರ್ ಎಂದರೆ ಕರ್ನಲ್ಲನ್ನು ಮೆಮೊರಿಗೆ ತಂದು ಓಡಿಸುವ ತಂತ್ರಾಂಶ. ಬೂಟ್ ಮ್ಯಾನೇಜರ್ ಯಾವುದನ್ನು ಓಡಿಸಬೇಕೆಂದು ಕೇಳಿ, ಕೆಲಸವನ್ನು ಅದಕ್ಕೆ ಒಪ್ಪಿಸಿ ಪಕ್ಕಕ್ಕೆ ಸರಿಯುತ್ತದೆ. ರೀಫೈಂಡ್ ಎರಡನೆಯ ಬಗೆಯದು. 2012ರಲ್ಲಿ ಬಂದ 3.3ನೇ ಆವೃತ್ತಿಯಿಂದ ಲಿನಕ್ಸ್ ಕರ್ನಲ್ ತಾನೇ ಒಂದು ಯುಇಎಫ್‌ಐ (ಯಂತ್ರ ಎದ್ದ ಕೂಡಲೇ ಓಡುವ ಒಳತಂತ್ರಾಂಶ, ಅಂದರೆ ಫರ್ಮ್‌ವೇರ್‌ನ ಹೊಸ ಬಗೆ) ಪ್ರೋಗ್ರಾಮಿನಂತೆ ಓಡಬಲ್ಲದಾದ್ದರಿಂದ ನಡುವೆ ಗ್ರಬ್ ಇಲ್ಲದೆಯೂ ಕೆಲಸ ಸಾಗುತ್ತದೆ.

ಹಾಕುವ ಮೊದಲು ಮಾಡಿಕೊಳ್ಳಬೇಕಾದ ಸಿದ್ಧತೆಯನ್ನು ಯಾರೂ ಕಡೆಗಣಿಸಬಾರದು. ವಿಂಡೋಸ್‌ನ ಸಿಸ್ಟಮ್ ಇನ್ಫರ್ಮೇಶನ್ ಪುಟದಲ್ಲಿ ಬಯೋಸ್ ಮೋಡ್ ಎಂಬುದರ ಎದುರು ಯುಇಎಫ್‌ಐ ಎಂದಿರಬೇಕು. ಲೆಗಸಿ ಎಂದಿದ್ದರೆ ಈ ತಂತ್ರಾಂಶ ನಿಮಗಲ್ಲ. ಡಿಸ್ಕನ್ನು ಗೂಢಲಿಪಿಯಲ್ಲಿಡುವ ವಿಂಡೋಸ್‌ನ ಬಿಟ್‌ಲಾಕರ್ ಚಾಲೂ ಇದ್ದರೆ ಅದರ 48 ಅಂಕಿಗಳ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ, ಏಕೆಂದರೆ ಬೂಟ್ ಆಗುವ ದಾರಿ ಬದಲಾಯಿತೆಂದು ಕಂಡರೆ ವಿಂಡೋಸ್ ಆ ಸಂಖ್ಯೆಯನ್ನು ಕೇಳಬಹುದು, ಆಗ ಅದಿಲ್ಲದೆ ಡಿಸ್ಕ್ ತೆರೆಯುವುದಿಲ್ಲ. ಫಾಸ್ಟ್ ಸ್ಟಾರ್ಟಪ್ ಸೌಲಭ್ಯವನ್ನು ನಿಲ್ಲಿಸಿ. ಅದು ಇರುವವರೆಗೆ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ, ಅರೆನಿದ್ರೆಯಲ್ಲಿರುವ ಅದರ ಪಾರ್ಟಿಷನ್‌ಗೆ (ಡಿಸ್ಕ್‌ನ ಭಾಗಕ್ಕೆ) ಲಿನಕ್ಸ್‌ನಿಂದ ಬರೆದರೆ ಕಡತಗಳು ಕೆಡುವ ಅಪಾಯವಿದೆ.

ಇನ್ನು ಗಡಿಯಾರದ ಸಂಗತಿ. ಯಂತ್ರದೊಳಗಿನ ಗಡಿಯಾರ ಸ್ಥಳೀಯ ಸಮಯ ತೋರಿಸುತ್ತಿದೆ ಎಂದು ವಿಂಡೋಸ್ ಭಾವಿಸುತ್ತದೆ, ಲಿನಕ್ಸ್ ಅದನ್ನು ಜಾಗತಿಕ ಸಮಯವೆಂದು ಓದುತ್ತದೆ. ನಮ್ಮ ದೇಶದಲ್ಲಿ ಈ ಭಿನ್ನಾಭಿಪ್ರಾಯದ ಅಳತೆ ಸರಿಯಾಗಿ ಐದೂವರೆ ಗಂಟೆ. ಕರಡು ತಿದ್ದಿದ ಕಡತಗಳಲ್ಲಿ ಯಾವುದು ಮೊದಲಿನದು, ಯಾವುದು ನಂತರದ್ದು ಎಂಬುದೇ ಅದಲುಬದಲಾದಾಗ ಪತ್ನಿ ಇದನ್ನು ಗಮನಿಸಿದರು. ಲಿನಕ್ಸ್‌ನಲ್ಲಿ ಒಂದು ಆದೇಶ ಕೊಟ್ಟರೆ ಸರಿಹೋಗುತ್ತದೆ. ಇದು ರೀಫೈಂಡ್‌ನ ದೋಷವೇನಲ್ಲ.

ಹಾಕುವ ಕೆಲಸ ಮಾತ್ರ ಚಿಕ್ಕದು. ಡೆಬಿಯನ್ ಮತ್ತು ಉಬುಂಟುಗಳ ಸಂಗ್ರಹದಲ್ಲಿಯೇ ಪ್ಯಾಕೇಜ್ ಸಿಗುತ್ತದೆ. ಅದು ಯುಇಎಫ್‌ಐ ಪಾರ್ಟಿಷನ್‌ನಲ್ಲಿ ತನ್ನದೊಂದು ಫೋಲ್ಡರ್ ಮಾಡಿಕೊಂಡು, ಲಿನಕ್ಸ್ ಬಳಸುವ ಎಕ್ಸ್‌ಟ್4 ಕಡತವ್ಯವಸ್ಥೆಯನ್ನು ಓದುವ ಡ್ರೈವರನ್ನೂ ಅಲ್ಲಿಟ್ಟು, ಯಾವುದನ್ನು ಮೊದಲು ಓಡಿಸಬೇಕೆಂಬ ಫರ್ಮ್‌ವೇರ್‌ನ ಸರದಿಯಲ್ಲಿ ತನ್ನ ಹೆಸರನ್ನು ಮೊದಲು ಸೇರಿಸುತ್ತದೆ. ಕರ್ನಲ್‌ಗಳು ತಮ್ಮ ತಮ್ಮ ಜಾಗದಲ್ಲೇ ಉಳಿಯುವುದರಿಂದ ವಿಂಡೋಸ್ ಸಾಮಾನ್ಯವಾಗಿ ಬಿಡುವ 100 ಎಂಬಿ ಪಾರ್ಟಿಷನ್ ಸಾಕಾಗುತ್ತದೆ. ಎಚ್ಚರ ಬೇಕಾದದ್ದು ಒಂದು ಕಡೆ: ಕರ್ನಲ್‌ಗೆ ಕೊಡಬೇಕಾದ ಆಯ್ಕೆಗಳನ್ನು ಅದು ಆ ಹೊತ್ತಿನಲ್ಲಿ ಓಡುತ್ತಿರುವ ವ್ಯವಸ್ಥೆಯಿಂದ ನಕಲು ಮಾಡಿಕೊಳ್ಳುತ್ತದೆ. ಡಿಸ್ಕ್‌ಗೆ ಹಾಕದೆಯೇ ಲಿನಕ್ಸ್ ಓಡಿಸುವ ಲೈವ್ ಪೆನ್‌ಡ್ರೈವ್‌ನಿಂದ ಎದ್ದು ಹಾಕಿದರೆ ಪೆನ್‌ಡ್ರೈವ್‌ನ ಆಯ್ಕೆಗಳೇ ಬಂದು ಕೂತು, ನಿಜವಾದ ವ್ಯವಸ್ಥೆ ಅರ್ಧದಲ್ಲೇ ನಿಲ್ಲಬಹುದು. ಹಾಕುವುದನ್ನು ಡಿಸ್ಕ್‌ನಲ್ಲಿರುವ ಲಿನಕ್ಸ್‌ನೊಳಗಿಂದಲೇ ಮಾಡಿ. ಕರ್ನಲ್ ಇರುವ ಬೂಟ್ ಫೋಲ್ಡರ್ ಎಲ್‌ವಿಎಂನಲ್ಲಿದ್ದರೆ (ಡಿಸ್ಕ್ ಜಾಗವನ್ನು ಹಂಚುವ ಲಿನಕ್ಸ್‌ನ ಒಂದು ವಿಧಾನ) ಅಥವಾ ಗೂಢಲಿಪಿಯಲ್ಲಿದ್ದರೆ ರೀಫೈಂಡ್ ಅದನ್ನು ಓದಲಾರದು ಎಂಬುದೂ ನೆನಪಿರಲಿ.

ಮೊದಲ ಸಲ ತೆರೆ ಕಂಡಾಗ ನನಗೆ ಸಮಾಧಾನವಾಗಲಿಲ್ಲ. ಸಿಕ್ಕಿದ್ದನ್ನೆಲ್ಲ ತೋರಿಸುವುದು ಇದರ ಸ್ವಭಾವ. ಎರಡು ಲಿನಕ್ಸ್‌ಗಳ ಕರ್ನಲ್‌ಗಳ ಜೊತೆಗೆ ಅವುಗಳ ಗ್ರಬ್‌ಗಳೂ ಸೇರಿ ಒಂದೇ ಮನೆಗೆ ನಾಲ್ಕಾರು ಬಾಗಿಲು ಇಟ್ಟಂತೆ ಕಾಣುತ್ತಿತ್ತು. ಬೇಡದ ಚಿತ್ರದ ಮೇಲೆ ನಿಂತು ಡಿಲೀಟ್ ಕೀ ಒತ್ತಿ, ಕೇಳಿದ ಪ್ರಶ್ನೆಗೆ ಹೌದು ಎಂದರೆ ಅದು ಮರೆಯಾಗುತ್ತದೆ. ಮತ್ತೆ ಬೇಕೆನಿಸಿದರೆ ಕೆಳಗಿನ ಸಾಲಿನಿಂದ ಹಿಂದಕ್ಕೆ ಪಡೆಯಬಹುದು. ಹಳೆಯ ಕರ್ನಲ್‌ಗಳು ಹೊಸದರ ಹಿಂದೆ ಮಡಚಿಕೊಂಡಿರುತ್ತವೆ, ಎಫ್2 ಒತ್ತಿದರೆ ಕಾಣುತ್ತವೆ.

ನನಗೆ ಇದರಲ್ಲಿ ಅತ್ಯಂತ ಪ್ರಿಯವಾದದ್ದು ಮುಂದಿನದು. ರೀಫೈಂಡ್‌ನ ಅಕ್ಷರಗಳು ಒಂದು ಚಿತ್ರಕಡತದಲ್ಲಿರುತ್ತವೆ, ಅದರಲ್ಲಿ ಇಂಗ್ಲಿಷಿನ ಅಕ್ಷರ, ಅಂಕಿ, ಚಿಹ್ನೆಗಳಿಗೆ ಮಾತ್ರ ಜಾಗ. ಕನ್ನಡದ ಒತ್ತಕ್ಷರ ಕಾಗುಣಿತಗಳು ಅಲ್ಲಿ ಮೂಡುವ ದಾರಿಯಿಲ್ಲ. ಇದು ಕೊರತೆಯೇ ಸರಿ, ಮುಂದೆಂದಾದರೂ ನೀಗಲಿ ಎಂದು ಮನಸಾರೆ ಬಯಸುತ್ತೇನೆ. ಆದರೆ ವ್ಯವಸ್ಥೆಯ ಗುರುತಾಗಿ ಬರುವುದು ಚಿತ್ರ. ಚಿತ್ರದಲ್ಲಿ ಏನನ್ನು ಬೇಕಾದರೂ ಬರೆಯಬಹುದು. 128 ಪಿಕ್ಸೆಲ್ ಅಗಲ, ಅಷ್ಟೇ ಎತ್ತರದ ಮೂರು ಪಿಎನ್‌ಜಿ ಚಿತ್ರಗಳನ್ನು ಪತ್ನಿಯೇ ಮಾಡಿಕೊಟ್ಟರು: ಒಂದರಲ್ಲಿ ದುಂಡಾದ ಅಕ್ಷರಗಳಲ್ಲಿ ‘ಅಚ್ಚು’, ಒಂದರಲ್ಲಿ ‘ಓದು’, ಇನ್ನೊಂದರಲ್ಲಿ ‘ಕಲಿಕೆ’. ಅವುಗಳಿಗೆ ರೀಫೈಂಡ್ ಬಳಸುವ ಹೆಸರುಗಳನ್ನೇ ಕೊಟ್ಟು ಪ್ರತ್ಯೇಕ ಫೋಲ್ಡರ್‌ನಲ್ಲಿಟ್ಟು, ಸಂರಚನಾ ಕಡತದಲ್ಲಿ ಆ ಫೋಲ್ಡರ್‌ನ ಹೆಸರು ಬರೆದೆ. ಮೂಲ ಚಿತ್ರಗಳ ಫೋಲ್ಡರ್‌ನಲ್ಲಿಯೇ ಇಟ್ಟರೆ ಹೊಸ ಆವೃತ್ತಿ ಬಂದಾಗ ಅವು ಪಕ್ಕಕ್ಕೆ ಹೋಗುತ್ತವೆ, ಆದ್ದರಿಂದ ಪ್ರತ್ಯೇಕವಾಗಿಡುವುದೇ ಸರಿ. ಯಂತ್ರ ಎದ್ದ ಕೂಡಲೇ ತೆರೆಯ ಮಧ್ಯದಲ್ಲಿ ಮೂರು ಕನ್ನಡ ಪದಗಳು ಬೆಳಗುವುದನ್ನು ನೋಡುವಾಗ ಆಗುವ ಸಂತೋಷ ಸಣ್ಣದಲ್ಲ. ವಿಂಡೋಸ್ ಲಾಂಛನವನ್ನೂ ಡೆಬಿಯನ್ ಸುಳಿಯನ್ನೂ ಗುರುತಿಸಲಾಗದ ನಮ್ಮ ಅತ್ತೆಯವರು ಈಗ ಯಾರನ್ನೂ ಕೇಳದೆ ‘ಓದು’ ಆರಿಸಿಕೊಂಡು ದಿನಪತ್ರಿಕೆ ನೋಡುತ್ತಾರೆ.

ನಂಬಿದ ಸಹಿ ಇರುವ ತಂತ್ರಾಂಶವನ್ನು ಮಾತ್ರ ಏಳಲು ಬಿಡುವ ಸೆಕ್ಯೂರ್ ಬೂಟ್ ವಿಷಯದಲ್ಲಿ ಮಾತ್ರ ಹೊಸಬರಿಗೆ ಇದನ್ನು ನಿಸ್ಸಂಕೋಚವಾಗಿ ಶಿಫಾರಸು ಮಾಡಲಾರೆ. ಶಿಮ್ ಎಂಬ ಸಣ್ಣ ಪ್ರೋಗ್ರಾಮಿನ ಮೂಲಕ ರೀಫೈಂಡ್ ಅದರೊಡನೆ ಹೊಂದಿಕೊಳ್ಳುತ್ತದೆ ನಿಜ. ಆದರೆ ಡೆಬಿಯನ್‌ನ ಶಿಮ್ ಡೆಬಿಯನ್‌ನ ಸಹಿಯನ್ನಷ್ಟೇ ನಂಬುತ್ತದೆ. ರೀಫೈಂಡ್‌ನ ಸಹಿಯ ಕೀಯನ್ನೂ ಉಬುಂಟುವಿನ ಕೀಯನ್ನೂ ನಾವೇ ನೀಲಿ ತೆರೆಯೊಂದರಲ್ಲಿ ನೋಂದಾಯಿಸಬೇಕು. ನನಗೆ ಇದಕ್ಕೇ ಒಂದು ಸಂಜೆ ಪೂರ್ತಿ ಹಿಡಿಯಿತು. ಮೇಲಾಗಿ ಶಿಮ್‌ನ ಒಂದು ಪ್ರತಿ ರೀಫೈಂಡ್‌ನ ಫೋಲ್ಡರ್‌ನಲ್ಲಿ ಉಳಿಯುತ್ತದೆ, ಡೆಬಿಯನ್ ತನ್ನದನ್ನು ನವೀಕರಿಸಿದರೂ ಆ ಪ್ರತಿ ತಾನಾಗಿ ಬದಲಾಗುವುದಿಲ್ಲ. 2024ರ ಆಗಸ್ಟ್‌ನಲ್ಲಿ ಬಂದ ವಿಂಡೋಸ್ ಅಪ್‌ಡೇಟ್ ಹಳೆಯ ಶಿಮ್‌ಗಳನ್ನು ತಡೆದು, ಎರಡೂ ವ್ಯವಸ್ಥೆಗಳಿದ್ದ ಅನೇಕರ ಲಿನಕ್ಸ್ ಏಳದಂತೆ ಮಾಡಿದ್ದನ್ನು ನೆನೆದರೆ ಈ ಪ್ರತಿಯ ಮೇಲೆ ಕಣ್ಣಿಡುವುದು ಅಗತ್ಯ.

ಕೆಲವು ಲ್ಯಾಪ್‌ಟಾಪ್‌ಗಳ ಫರ್ಮ್‌ವೇರ್ ಸರದಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ನೇರವಾಗಿ ವಿಂಡೋಸ್‌ಗೆ ಹೋಗುತ್ತದೆ. ವಿಂಡೋಸ್‌ನ ದೊಡ್ಡ ಅಪ್‌ಡೇಟ್‌ಗಳ ನಂತರವೂ ಸರದಿ ಬದಲಾಗುವುದುಂಟು. ನಮ್ಮಲ್ಲಿ ಎರಡು ಸಲ ಹಾಗಾಯಿತು. ಲಿನಕ್ಸ್‌ನಲ್ಲಿರುವ ಇಎಫ್‌ಐ ಬೂಟ್ ಮ್ಯಾನೇಜರ್ ಆದೇಶದಿಂದ ರೀಫೈಂಡನ್ನು ಮತ್ತೆ ಮುಂದಕ್ಕೆ ತಂದೆ.

ಒಂದು ವಿಂಡೋಸ್, ಒಂದು ಲಿನಕ್ಸ್ ಮಾತ್ರ ಇರುವವರು ಗ್ರಬ್ ಬಿಟ್ಟು ಬರಬೇಕಾದ ಒತ್ತಾಯವೇನೂ ಇಲ್ಲ. ಎರಡಕ್ಕಿಂತ ಹೆಚ್ಚು ವ್ಯವಸ್ಥೆಗಳಿರುವವರು, ಹೊಸ ಹೊಸ ಲಿನಕ್ಸ್‌ಗಳನ್ನು ಹಾಕಿ ನೋಡುವವರು, ಒಂದೇ ಯಂತ್ರವನ್ನು ಮನೆಮಂದಿಯೆಲ್ಲ ಬಳಸುವವರು ಇದನ್ನು ಅವಶ್ಯ ಪ್ರಯತ್ನಿಸಬೇಕು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದ ಮೇಲೆ ಹಳೆಯ ಯಂತ್ರಗಳಲ್ಲಿ ಪಕ್ಕದಲ್ಲೊಂದು ಲಿನಕ್ಸ್ ಹಾಕಿಕೊಳ್ಳಲು ಹೊರಟವರಿಗೂ ಇದು ಒಳ್ಳೆಯ ಜೊತೆ.

ಡಿಸ್ಕ್‌ಗೆ ಹಾಕುವ ಮೊದಲೇ ಪರೀಕ್ಷಿಸುವ ಅವಕಾಶವೂ ಇದೆ. ಪೆನ್‌ಡ್ರೈವ್‌ಗೆ ಬರೆಯಬಹುದಾದ ರೀಫೈಂಡ್‌ನ ಪ್ರತಿಯನ್ನು ಅದರ ತಾಣದಲ್ಲಿಯೇ ಕೊಡುತ್ತಾರೆ. ಸೆಕ್ಯೂರ್ ಬೂಟ್ ನಿಲ್ಲಿಸಿ ಅದರಿಂದ ಎದ್ದರೆ ನಿಮ್ಮ ಯಂತ್ರದಲ್ಲಿ ಏನೇನು ಕಾಣುತ್ತದೆಂದು ಯಾವುದನ್ನೂ ಬದಲಾಯಿಸದೆ ನೋಡಬಹುದು. ನಾನು ಹಾಗೆ ಪರೀಕ್ಷಿಸಿದ ಪೆನ್‌ಡ್ರೈವ್ ಈಗಲೂ ಮೇಜಿನ ಡ್ರಾಯರ್‌ನಲ್ಲಿದೆ. ಸರದಿ ತಪ್ಪಿದ ಆ ಎರಡು ಸಲವೂ ಡೆಬಿಯನ್ ಒಳಕ್ಕೆ ಹೋದದ್ದು ಅದರಿಂದಲೇ.